ಮೂರನೇ ಸೆಮ್ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್: ಯಾವ ಪ್ರೋಗ್ರಾಂ ಎಲ್ಲಿ ಕೈಕೊಡುತ್ತೆ, ಯಾಕೆ?

ಹಾವೇರಿ_ಸಿಎಸ್

ಎಲ್ಲರಿಗೂ ನಮಸ್ಕಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022 ಸ್ಕೀಮ್, ಕಂಪ್ಯೂಟರ್ ಸೈನ್ಸ್, ಮೂರನೇ ಸೆಮ್. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಎಕ್ಸ್‌ಟರ್ನಲ್ ಹತ್ತಿರ ಬಂತು. 12 ಪ್ರೋಗ್ರಾಂಗಳೂ ರೆಕಾರ್ಡಿನಲ್ಲಿವೆ. ತೊಂದರೆ ಏನಂದ್ರೆ, ಅದೇ ಕೋಡ್ ಒಂದು ಸಿಸ್ಟಮ್‌ನಲ್ಲಿ ಸರಿಯಾಗಿ ರನ್ ಆಗುತ್ತೆ, ಪಕ್ಕದ ಸಿಸ್ಟಮ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ ತಪ್ಪು) ಬಂದು ನಿಂತುಬಿಡುತ್ತೆ. ಕೆಲವೊಮ್ಮೆ ಮೆನು ತಾನೇ ತಾನಾಗಿ ಸುತ್ತುತ್ತಾ ಇರುತ್ತೆ, ಕಂಟ್ರೋಲ್-ಸಿ ಒತ್ತದೆ ನಿಲ್ಲಲ್ಲ. ಬಾಯಿಪಾಠ ಮಾಡ್ಕೊಂಡು ಹೋಗು ಅಂತ ಸೀನಿಯರ್ಸ್ ಹೇಳ್ತಾರೆ. ಅದು ಬೇಡ. ಯಾವ ಪ್ರೋಗ್ರಾಂ ಎಲ್ಲಿ, ಯಾಕೆ ಕೈಕೊಡುತ್ತೆ ಅಂತ ಗೊತ್ತಿರೋರು ದಯವಿಟ್ಟು ಹೇಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ವೈವಾಗೆ (ಮೌಖಿಕ ಪರೀಕ್ಷೆಗೆ) ಹೇಗೆ ತಯಾರಾಗಬೇಕು ಅನ್ನೋದೂ ಬೇಕು.

ಲ್ಯಾಬ್_ಮೇಷ್ಟ್ರು

ಮೊದಲು ಅಂಕಗಳ ಲೆಕ್ಕ ತಿಳಿದಿರಲಿ. ಎಕ್ಸ್‌ಟರ್ನಲ್ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ: ರೈಟ್‌ಅಪ್ 20, ಕಂಡಕ್ಷನ್ ಮತ್ತು ರಿಸಲ್ಟ್ 60, ವೈವಾ 20. ಇಂಟರ್ನಲ್ 50ರಲ್ಲಿ ರೆಕಾರ್ಡಿಗೆ 30, ಟೆಸ್ಟಿಗೆ 20. ಚೀಟಿಯಲ್ಲಿ ಬಂದ ಪ್ರೋಗ್ರಾಂ ಬೇಡವೆಂದರೆ ಒಂದೇ ಒಂದು ಸಲ ಬದಲಾಯಿಸಬಹುದು, ಆದರೆ ಪ್ರೊಸೀಜರ್ ಭಾಗಕ್ಕೆ ಇಟ್ಟ ಅಂಕ ಹೋಗುತ್ತದೆ. ಆದ್ದರಿಂದ ಎರಡು ಮೂರು ಪ್ರೋಗ್ರಾಂ ಬಿಟ್ಟು ಹೋಗುವ ಲೆಕ್ಕಾಚಾರ ಲಾಭದ್ದಲ್ಲ.

ಬಾಯಿಪಾಠ ಬೇಡ ಅಂದಿರಲ್ಲ, ಅದು ಸರಿಯಾದ ದಾರಿ. 60 ಅಂಕದ ಭಾಗದಲ್ಲಿ ಪರೀಕ್ಷಕರು ಮಾಡುವುದು ಒಂದೇ ಕೆಲಸ: ರೆಕಾರ್ಡಿನಲ್ಲಿ ಇಲ್ಲದ ಇನ್‌ಪುಟ್ ಕೊಡುತ್ತಾರೆ. ಖಾಲಿ ಪಟ್ಟಿಯಿಂದ ಡಿಲೀಟ್ ಮಾಡಿ ಅನ್ನುತ್ತಾರೆ, ತುಂಬಿದ ಕ್ಯೂಗೆ ಇನ್ನೊಂದು ಸೇರಿಸಿ ಅನ್ನುತ್ತಾರೆ, ಒಂದೇ ನೋಡ್ (ಪಟ್ಟಿಯ ಕೊಂಡಿ) ಉಳಿದಾಗ ಕೊನೆಯದನ್ನು ತೆಗೆಯಿರಿ ಅನ್ನುತ್ತಾರೆ. ಪ್ರತಿ ಪ್ರೋಗ್ರಾಂಗೂ ಮುರಿಯುವ ಜಾಗ ಒಂದೋ ಎರಡೋ ಇರುತ್ತದೆ. ಆ ಜಾಗಗಳನ್ನು ಮೊದಲೇ ನೀವೇ ಮುರಿದು ನೋಡಬೇಕು.

ಅದಕ್ಕೆ ಈಗಲೇ ಮಾಡಬೇಕಾದ್ದು: ಉಬುಂಟುವಿನಲ್ಲಿ ಜಿಸಿಸಿ ಎಂಬ ಸಿ ಕಂಪೈಲರ್‌ನಿಂದ ಕಂಪೈಲ್ ಮಾಡುವಾಗ ಮೂರು ಆಯ್ಕೆ ಸೇರಿಸಿ. ಸಾಮಾನ್ಯ ಎಚ್ಚರಿಕೆಗಳನ್ನು ತೋರಿಸುವ ‘ವಾಲ್’ (-Wall), ಡಿಬಗ್ ಮಾಹಿತಿ ಇಡುವ ‘ಜಿ’ (-g), ಮತ್ತು ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ (-fsanitize=address). ಮೂರನೆಯದು ಇದ್ದರೆ ಅರೇ ಗಡಿ ದಾಟಿ ಒಂದೇ ಬೈಟ್ ಬರೆದರೂ (ಅದೇ ಸ್ಟ್ರಕ್ಚರಿನ ಪಕ್ಕದ ಫೀಲ್ಡಿಗೆ ಬಿದ್ದದ್ದನ್ನು ಬಿಟ್ಟು), ಫ್ರೀ ಮಾಡಿದ, ಅಂದರೆ ಮೆಮೊರಿ ವಾಪಸ್ ಕೊಟ್ಟ, ನೋಡನ್ನು ಮುಟ್ಟಿದರೂ, ಯಾವ ಸಾಲಿನಲ್ಲಿ ಅಂತ ಸಂಖ್ಯೆ ಸಮೇತ ಹೇಳಿ ನಿಲ್ಲುತ್ತದೆ. ಪಕ್ಕದ ಸಿಸ್ಟಮ್‌ನಲ್ಲಿ ಮಾತ್ರ ಬರುವ ಫಾಲ್ಟು ಇದರಲ್ಲಿ ಬಹುಮಟ್ಟಿಗೆ ನಿಮ್ಮ ಸಿಸ್ಟಮ್‌ನಲ್ಲೇ ಸಿಕ್ಕಿಬೀಳುತ್ತದೆ.

ಮಲಪ್ರಭಾ_ದಂಡೆ

ಮೇಷ್ಟ್ರು ಹೇಳಿದ್ದು ಖರೇ ಅದ. ಒಂದನೇ, ಏಳನೇ, ಎಂಟನೇ ಪ್ರೋಗ್ರಾಂದಾಗ ಎಲ್ಲಾರೂ ಬೀಳೋ ಜಾಗ ಅಂದ್ರ ಅಳತಿ.

ಏಳನೇದರಾಗಿನ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) 10 ಅಕ್ಷರ ಅದ. ಹಂಗಾಗಿ ಭಾಳ ಮಂದಿ 10 ಬೈಟಿನ ಕ್ಯಾರೆಕ್ಟರ್ ಅರೇ ಇಡ್ತಾರ. ಸಿ ಭಾಷಾದಾಗ ಸ್ಟ್ರಿಂಗ್ ಮುಗೀತು ಅಂತ ಹೇಳ್ಲಿಕ್ಕೆ ಕೊನಿಗೆ ಒಂದು ಸೊನ್ನಿ ಬೈಟ್ ಬೇಕು, ಅಂದ್ರ 11 ಬೇಕು. 10 ಇಟ್ರ ಏನಾಗತದ ನೋಡ್ರಿ. ಸ್ಟ್ರಕ್ಚರ್‌ದಾಗ ಯುಎಸ್‌ಎನ್ ಆದ ಮ್ಯಾಲೆ ಹೆಸರಿನ ಅರೇ ಇದ್ರ, ಆ ಸೊನ್ನಿ ಬೈಟ್ ಹೆಸರಿನ ಮೊದಲನೇ ಜಾಗಾಕ್ಕ ಹೋಗಿ ಕೂಡತದ. ಆಮ್ಯಾಲೆ ಹೆಸರು ಓದಿದಾಗ ಅದು ಅಳಿಸಿ ಹೋಗತದ. ಪ್ರಿಂಟ್ ಮಾಡಿದ್ರ ಯುಎಸ್‌ಎನ್‌ಗೆ ಹೆಸರು ಅಂಟಿಕೊಂಡು ಬರತದ. ಅದ ಯುಎಸ್‌ಎನ್ ಆದ ಮ್ಯಾಲೆ ಹೆಸರಿನ ಬದಲು ಪೂರ್ಣಾಂಕ ಇಟ್ಟಿದ್ರ? ಕಂಪೈಲರ್ ಆ ಪೂರ್ಣಾಂಕವನ್ನ 4ರ ಗುಣಕದ ವಿಳಾಸಕ್ಕ ಕೂಡಿಸ್ಲಿಕ್ಕೆ ನಡುವ 2 ಬೈಟ್ ಖಾಲಿ ಬಿಡತದ, ಸೊನ್ನಿ ಬೈಟ್ ಅಲ್ಲಿ ಸುರಕ್ಷಿತ ಇರತದ, ತಪ್ಪು ಕಾಣೂದಿಲ್ಲ. ‘ಒಂದು ಕಡೆ ರನ್ ಆಗತದ, ಇನ್ನೊಂದು ಕಡೆ ಆಗೂದಿಲ್ಲ’ ಅನ್ನೋದರ ಹಿಂದ ಇಂಥವೇ ಕಾರಣ ಇರತಾವ.

ಫೋನ್ ನಂಬರನ್ನ ಪೂರ್ಣಾಂಕದಾಗ ಇಡಬ್ಯಾಡ್ರಿ. 4 ಬೈಟಿನ ಪೂರ್ಣಾಂಕದ ಮಿತಿ 2147483647. ನಮ್ಮ ಮೊಬೈಲ್ ನಂಬರು 6, 7, 8, 9ರಿಂದ ಶುರು ಆಗೂ 10 ಅಂಕಿ, ಒಂದೂ ಅದರಾಗ ಹಿಡಿಯೂದಿಲ್ಲ. ಔಟ್‌ಪುಟ್‌ದಾಗ ಮೈನಸ್ ನಂಬರ್ ಬಂತಂದ್ರ ಇದೇ ಕಾರಣ. 11 ಬೈಟಿನ ಸ್ಟ್ರಿಂಗ್ ಮಾಡ್ರಿ.

ಒಂದನೇ ಪ್ರೋಗ್ರಾಂ, ಕ್ಯಾಲೆಂಡರ್. ಪ್ರಶ್ನೆ ಪೂರಾ ಓದ್ರಿ: ದಿನದ ಹೆಸರು, ಚಟುವಟಿಕೆಯ ವಿವರ ಎರಡೂ ಡೈನಾಮಿಕ್ ಆಗಿ ಅಲೊಕೇಟ್ ಮಾಡಿದ ಸ್ಟ್ರಿಂಗ್ ಇರಬೇಕು ಅಂತದ. 20 ಬೈಟಿನ ಅರೇ ಇಟ್ಟು ಬರದ್ರ ರನ್ ಏನೋ ಆಗತದ, ಆದ್ರ ಕೇಳಿದ್ದು ಅದಲ್ಲ. ತಾತ್ಕಾಲಿಕ ಬಫರ್‌ಗೆ ಓದಿ, ಉದ್ದ ಲೆಕ್ಕ ಹಾಕಿ, ಉದ್ದ ಕೂಡಿಸು ಒಂದು ಬೈಟ್ ಮ್ಯಾಲಕ್ ಮಾಡಿ (ಅಷ್ಟು ಮೆಮೊರಿ ಕೇಳಿ ತಗೊಂಡು), ಕಾಪಿ ಮಾಡ್ರಿ. ‘ವೆಡ್ನೆಸ್‌ಡೇ’ ಇಂಗ್ಲಿಷ್‌ದಾಗ 9 ಅಕ್ಷರ, ಅದಕ್ಕ 10 ಬೈಟ್. ಫ್ರೀ ಮಾಡುವಾಗ ಮೊದಲು ಏಳೂ ದಿನದ ಎರಡೆರಡು ಸ್ಟ್ರಿಂಗ್, ಆಮ್ಯಾಲೆ ಅರೇ. ಉಲ್ಟಾ ಮಾಡಿದ್ರ ಸ್ಟ್ರಿಂಗಿನ ವಿಳಾಸ ಕೈತಪ್ಪಿ ಹೋಗತದ.

ತುಂಗಾತೀರ

ಮೆನು ತಾನಾಗಿ ಸುತ್ತುವುದಕ್ಕೆ ಕಾರಣ ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಫಂಕ್ಷನ್. ಪೂರ್ಣಾಂಕ ಓದಲು ಹೇಳಿದ ಕಡೆ ಅಕ್ಷರ ಬಂದರೆ ಅದು ಓದದೆ ಸೋಲುತ್ತದೆ, ಮತ್ತು ಆ ಅಕ್ಷರವನ್ನು ಇನ್‌ಪುಟ್‌ನಲ್ಲೇ ಬಿಟ್ಟುಬಿಡುತ್ತದೆ. ಲೂಪ್ ಮತ್ತೆ ಬಂದಾಗ ಅದೇ ಅಕ್ಷರ, ಮತ್ತೆ ಸೋಲು. ಚಾಯ್ಸ್ ವೇರಿಯಬಲ್‌ನಲ್ಲಿ ಹಳೆಯ ಬೆಲೆ ಹಾಗೇ ಇರುವುದರಿಂದ ಅದೇ ಕೇಸ್ ಪದೇಪದೇ ನಡೆಯುತ್ತದೆ.

ಅಕ್ಷರ ಎಲ್ಲಿಂದ ಬಂತು? ಹೆಸರು ಕೇಳಿದಾಗ ‘ರವಿ ಕುಮಾರ್’ ಅಂತ ಕೊಟ್ಟಿರುತ್ತೀರಿ. ಸ್ಟ್ರಿಂಗ್ ಓದುವ ಸ್ಕ್ಯಾನ್‌ಎಫ್ ಜಾಗ ಬಿಟ್ಟ ಕಡೆ ನಿಲ್ಲುತ್ತದೆ. ‘ರವಿ’ ಹೆಸರಿಗೆ ಹೋಯಿತು, ‘ಕುಮಾರ್’ ಪ್ರೋಗ್ರಾಮ್ ಅನ್ನುವ ಫೀಲ್ಡಿಗೆ ಹೋಯಿತು, ಆಮೇಲೆ ನೀವು ಟೈಪ್ ಮಾಡಿದ ‘ಸಿಎಸ್‌ಇ’ ಸೆಮಿಸ್ಟರ್ ಎಂಬ ಪೂರ್ಣಾಂಕದ ಮುಂದೆ ಬಂದು ನಿಂತಿತು. ಅಲ್ಲಿಂದ ಮುಂದೆ ಎಲ್ಲವೂ ಕೆಟ್ಟಂತೆ. ಪರಿಹಾರ: ಸ್ಕ್ಯಾನ್‌ಎಫ್ ವಾಪಸ್ ಕೊಡುವ ಸಂಖ್ಯೆ ನೋಡಿ. ಒಂದು ಬೆಲೆ ಓದಬೇಕಿದ್ದರೆ 1 ಬರಬೇಕು. ಬರದಿದ್ದರೆ ಸಾಲಿನ ಕೊನೆಯವರೆಗೆ ಅಕ್ಷರಗಳನ್ನು ಓದಿ ಬಿಸಾಡಿ ಮತ್ತೆ ಕೇಳಿ. ನಾಲ್ಕು ಸಾಲಿನ ಫಂಕ್ಷನ್ ಒಂದು ಬರೆದಿಟ್ಟುಕೊಂಡರೆ ಮೆನು ಇರುವ ಎಲ್ಲ ಪ್ರೋಗ್ರಾಂಗಳಿಗೂ ಆಗುತ್ತದೆ.

ಇದೇ ಜಾತಿಯ ತಪ್ಪು ಆರನೇ ಪ್ರೋಗ್ರಾಂನಲ್ಲಿ, ಅಕ್ಷರಗಳ ಸರ್ಕ್ಯುಲರ್ ಕ್ಯೂನಲ್ಲಿ (ಕೊನೆಯಿಂದ ಮತ್ತೆ ಮೊದಲಿಗೆ ಸುತ್ತುವ ಸರತಿ). ಚಾಯ್ಸ್ 1 ಅಂತ ಕೊಟ್ಟು ಎಂಟರ್ ಒತ್ತಿದಿರಿ. 1 ಓದಿ ಆಯಿತು, ಎಂಟರ್ ಇನ್ನೂ ಇನ್‌ಪುಟ್‌ನಲ್ಲಿದೆ. ಮುಂದಿನ ಅಕ್ಷರ ಓದುವ ಸ್ಕ್ಯಾನ್‌ಎಫ್ ಆ ಎಂಟರನ್ನೇ ಎತ್ತಿಕೊಂಡು ಕ್ಯೂಗೆ ಸೇರಿಸುತ್ತದೆ. ಡಿಸ್‌ಪ್ಲೇಯಲ್ಲಿ ಖಾಲಿ ಸಾಲು ಕಂಡರೆ ಇದೇ. %ಗೆ ಮೊದಲು ಒಂದು ಸ್ಪೇಸ್ ಬಿಟ್ಟರೆ ಸಾಕು, ಉಳಿದ ಖಾಲಿ ಅಕ್ಷರಗಳನ್ನೆಲ್ಲ ದಾಟಿ ಹೋಗುತ್ತದೆ.

ಎರಡನೇ ಪ್ರೋಗ್ರಾಂ, ಪ್ಯಾಟರ್ನ್ ಹುಡುಕಿ ಬದಲಾಯಿಸುವುದು, ಇದರ ಇನ್ನೊಂದು ಮುಖ. ಹಳೆಯ ರೆಕಾರ್ಡುಗಳಲ್ಲಿ ಸಾಲು ಓದಲು ಗೆಟ್ಸ್ ಇರುತ್ತದೆ. ಅದನ್ನು 2011ರ ಸಿ ಮಾನಕದಲ್ಲಿ ತೆಗೆದೇ ಹಾಕಿದ್ದಾರೆ, ಬಳಸಬಾರದು. ಬದಲಿಗೆ ಎಫ್‌ಗೆಟ್ಸ್ ಬಳಸಿ, ಆದರೆ ಅದು ಸಾಲಿನ ಕೊನೆಯ ಎಂಟರನ್ನೂ ಸೇರಿಸಿ ಓದುತ್ತದೆ. ಪ್ಯಾಟರ್ನ್‌ನ ಬಾಲದಲ್ಲಿ ಎಂಟರ್ ಇದ್ದರೆ ಅದು ಪಠ್ಯದ ಮಧ್ಯೆ ಎಲ್ಲೂ ಸಿಗುವುದಿಲ್ಲ, ‘ಪ್ಯಾಟರ್ನ್ ಸಿಗಲಿಲ್ಲ’ ಅಂತ ಬರುತ್ತದೆ. ಓದಿದ ಕೂಡಲೇ ಆ ಅಕ್ಷರದ ಜಾಗದಲ್ಲಿ ಸೊನ್ನೆ ಬೈಟ್ ಹಾಕಿ. ಇನ್ನೊಂದು ಮಾತು: ಬದಲಿಸುವ ಸ್ಟ್ರಿಂಗ್ ಪ್ಯಾಟರ್ನ್‌ಗಿಂತ ಉದ್ದವಿದ್ದರೆ ಉತ್ತರ ಮೂಲಕ್ಕಿಂತ ಉದ್ದವಾಗುತ್ತದೆ. ಉತ್ತರದ ಅರೇ ಮೂಲದಷ್ಟೇ ಇದ್ದರೆ ಅಲ್ಲೇ ಫಾಲ್ಟು.

ಹಾವೇರಿ_ಸಿಎಸ್

ತುಂಬಾ ಧನ್ಯವಾದ ಸರ್. ‘ರವಿ ಕುಮಾರ್’ ಇನ್‌ಪುಟ್‌ನಿಂದ ನಿಜವಾಗಿಯೂ ಮೆನು ಸುತ್ತಿತು. ಸ್ಟ್ಯಾಕ್‌ಗೆ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ರಾಶಿ) ಸಂಬಂಧಪಟ್ಟ ಮೂರು, ನಾಲ್ಕು, ಐದನೇ ಪ್ರೋಗ್ರಾಂಗಳ ಬಗ್ಗೆ? ಇನ್‌ಫಿಕ್ಸ್‌ನಿಂದ (8-3 ಥರ) ಪೋಸ್ಟ್‌ಫಿಕ್ಸ್ (83- ಥರ) ಮಾಡುವುದರಲ್ಲಿ ಎರಡು ಆದ್ಯತಾ ಫಂಕ್ಷನ್ ಯಾಕೆ ಇಡುತ್ತಾರೆ ಅನ್ನೋದು ಅರ್ಥವಾಗಿಲ್ಲ.

ಲ್ಯಾಬ್_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ವೈವಾದಲ್ಲಿ ಇದು ಬರುತ್ತದೆ. ಆಪರೇಟರ್‌ಗಳಿಗೆ ಹೆಚ್ಚು ಕಡಿಮೆ ಅನ್ನುವ ಆದ್ಯತೆ ಮಾತ್ರ ಸಾಲದು, ಸಮಾನ ಆದ್ಯತೆಯ ಎರಡು ಸಿಕ್ಕಾಗ ಎಡದ್ದು ಮೊದಲೋ ಬಲದ್ದು ಮೊದಲೋ ಎಂದೂ ಹೇಳಬೇಕು. ಅದನ್ನು ಹೇಳಲಿಕ್ಕೆ ಒಂದೇ ಆಪರೇಟರ್‌ಗೆ ಎರಡು ಸಂಖ್ಯೆ: ಸ್ಟ್ಯಾಕ್ ಒಳಗಿದ್ದಾಗ ಒಂದು, ಹೊರಗಿನಿಂದ ಬರುವಾಗ ಒಂದು. + ಮತ್ತು -ಗೆ ಒಳಗೆ 2, ಹೊರಗೆ 1. *, /, %ಗೆ ಒಳಗೆ 4, ಹೊರಗೆ 3. ಘಾತದ ^ಗೆ ಮಾತ್ರ ತಿರುಗುಮುರುಗು: ಒಳಗೆ 5, ಹೊರಗೆ 6. ಎಡ ಆವರಣಕ್ಕೆ ಒಳಗೆ 0, ಹೊರಗೆ 9. ಬಲ ಆವರಣಕ್ಕೆ ಹೊರಗೆ 0. ತಳದಲ್ಲಿ ಇಡುವ #ಗೆ -1. ಒಳಗಿನ ಸಂಖ್ಯೆ ಹೊರಗಿನದಕ್ಕಿಂತ ದೊಡ್ಡದಾಗಿರುವವರೆಗೆ ಪಾಪ್ ಮಾಡಿ (ಮೇಲಿನದನ್ನು ತೆಗೆಯಿರಿ), ಆಮೇಲೆ ಎರಡೂ ಸಮವಾಗಿದ್ದರೆ ಆವರಣ ಜೋಡಿ ಸಿಕ್ಕಿತು ಎಂದು ಬಿಸಾಡಿ, ಇಲ್ಲದಿದ್ದರೆ ಪುಶ್ ಮಾಡಿ (ಸ್ಟ್ಯಾಕ್ ಮೇಲೆ ಇಡಿ).

ಎರಡೇ ಇನ್‌ಪುಟ್‌ನಲ್ಲಿ ಇದನ್ನು ಪರೀಕ್ಷಿಸಬಹುದು. 8-3+2 ಕೊಡಿ. 83-2+ ಬರಬೇಕು, ಬೆಲೆ 7. 832+- ಬಂದರೆ ಬೆಲೆ 3, ಅಂದರೆ ಎಡಬಲ ಕೆಟ್ಟಿದೆ. ಇನ್ನೊಂದು 2^3^2. 232^^ ಬರಬೇಕು, ಬೆಲೆ 512. 23^2^ ಬಂದರೆ 64, ಅಂದರೆ ^ಗೆ ಕೊಟ್ಟ 5, 6 ಅದಲುಬದಲಾಗಿದೆ. ಬರೀ + ಮತ್ತು * ಇರುವ ಉದಾಹರಣೆ ಹಾಕಿ ‘ಸರಿ ಇದೆ’ ಅಂತ ಎದ್ದು ಹೋಗಬೇಡಿ. ಅದರಲ್ಲಿ ಈ ತಪ್ಪು ಯಾವುದೂ ಕಾಣುವುದಿಲ್ಲ.

ಪೋಸ್ಟ್‌ಫಿಕ್ಸ್‌ನ ಬೆಲೆ ಕಂಡುಹಿಡಿಯುವ ಐದನೇ ಪ್ರೋಗ್ರಾಂಗೆ ಒಂದು ಗಟ್ಟಿ ಇನ್‌ಪುಟ್: 623+-382/+*2^3+. ಉತ್ತರ 52. ಇದರಲ್ಲಿ ಬೇರೆ ಬೇರೆ ತಪ್ಪಿಗೆ ಬೇರೆ ಬೇರೆ ಉತ್ತರ ಬರುತ್ತದೆ. 8 ಬಂತೇ? ನೀವು ಸಿ ಭಾಷೆಯ ^ ಅನ್ನೇ ಬಳಸಿದ್ದೀರಿ. ಅದು ಘಾತವಲ್ಲ, ಬಿಟ್‌ಗಳ ಎಕ್ಸಾರ್. 7 ಮತ್ತು 2ರ ಎಕ್ಸಾರ್ 5, ಅದಕ್ಕೆ 3 ಕೂಡಿದರೆ 8. ಅರ್ಥವಿಲ್ಲದ ಸಂಖ್ಯೆ ಬಂತೇ? ಅಂಕಿ ಅಕ್ಷರದಿಂದ ‘0’ ಅಕ್ಷರ ಕಳೆಯಲು ಮರೆತಿದ್ದೀರಿ. ‘6’ರ ಆಸ್ಕಿ ಬೆಲೆ 54. ಇನ್ನು ಪಾಪ್ ಮಾಡುವಾಗ ಮೊದಲು ಬರುವುದು ಬಲಗಡೆಯ ಸಂಖ್ಯೆ, ಎರಡನೆಯದು ಎಡಗಡೆಯದು. ಇದು ಅದಲುಬದಲಾದರೆ ಕೂಡುವುದು, ಗುಣಿಸುವುದು ಸರಿಯಾಗೇ ಬಂದು ಕಳೆಯುವುದು, ಭಾಗಿಸುವುದು, ಶೇಷ, ಘಾತ ಕೆಡುತ್ತವೆ.

ಮೂರನೆಯದರಲ್ಲಿ ಪ್ಯಾಲಿಂಡ್ರೋಮ್ (ಎರಡೂ ಕಡೆಯಿಂದ ಒಂದೇ ಥರ ಓದುವುದು) ನೋಡಲು ಪಾಪ್ ಮಾಡುತ್ತಾ ಹೋದರೆ ಸ್ಟ್ಯಾಕ್ ಖಾಲಿಯಾಗುತ್ತದೆ, ಆಮೇಲೆ ಡಿಸ್‌ಪ್ಲೇ ಏನೂ ತೋರಿಸುವುದಿಲ್ಲ. ಟಾಪ್‌ನ ಪ್ರತಿ ಇಟ್ಟುಕೊಂಡು ಹೋಲಿಸಿ. ಐದನೆಯದರ ಇನ್ನೊಂದು ಭಾಗವಾದ ಹನೋಯ್ ಗೋಪುರ (ತಟ್ಟೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುವುದು) ಸುಲಭ, 3 ತಟ್ಟೆಗೆ 7 ನಡೆ, 4ಕ್ಕೆ 15.

ಕರಾವಳಿ_ಕೋಡ್

ಒಂದು ಸೇರಿಸ್ತೇನೆ. ಘಾತಕ್ಕೆ ‘ಪೌ’ ಬಳಸಿ ಅಂತ ಸುಮಾರು ರೆಕಾರ್ಡುಗಳಲ್ಲಿ ಇರ್ತದೆ. ಉಬುಂಟುವಿನಲ್ಲಿ ಅದಕ್ಕೆ ಮ್ಯಾಥ್ ಲೈಬ್ರರಿ ಲಿಂಕ್ ಮಾಡುವ ‘ಎಲ್‌ಎಮ್’ (-lm) ಆಯ್ಕೆ ಕೊಡ್ಬೇಕು, ಇಲ್ಲದಿದ್ರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್ ಬರ್ತದೆ. ಎಕ್ಸಾಮ್ ಒತ್ತಡದಲ್ಲಿ ಇದು ಹೊಳೆಯುವುದಿಲ್ಲ. ಮೇಲಾಗಿ ಪೌ ಕೊಡುವುದು ದಶಮಾಂಶ ಸಂಖ್ಯೆ. ಕೆಲವು ಹಳೆಯ ವಿಂಡೋಸ್ ಕಂಪೈಲರ್‌ಗಳಲ್ಲಿ 5ರ ವರ್ಗ 25ಕ್ಕಿಂತ ಕೂದಲೆಳೆ ಕಡಿಮೆ ಬಂದು, ಪೂರ್ಣಾಂಕಕ್ಕೆ ಹಾಕಿದಾಗ 24 ಆಗ್ತದೆ. ಗುಣಿಸುತ್ತಾ ಹೋಗುವ ಮೂರು ಸಾಲಿನ ಲೂಪ್ ಬರೆದುಬಿಡಿ.

ಹಾಗೇ ಸರ್ಕ್ಯುಲರ್ ಕ್ಯೂ ಬಗ್ಗೆ: ಫ್ರಂಟ್ (ತೆಗೆಯುವ ತುದಿ) ಮತ್ತು ರೇರ್ (ಸೇರಿಸುವ ತುದಿ) ಸಮ ಇದ್ದಾಗ ಖಾಲಿಯೋ ತುಂಬಿದ್ದೋ ಗೊತ್ತಾಗಲಿಕ್ಕಿಲ್ಲ. ಕೌಂಟ್ ಇಟ್ಟರೆ 5 ಜಾಗದಲ್ಲಿ 5 ಅಕ್ಷರ ಹಿಡಿಯುತ್ತದೆ, ಇಡದೆ ಒಂದು ಜಾಗ ಖಾಲಿ ಬಿಡುವ ರೀತಿಯಲ್ಲಿ ಬರೆದರೆ 4 ಮಾತ್ರ. ಎರಡೂ ಸರಿ, ಆದರೆ ನಿಮ್ಮದು ಯಾವುದು ಅಂತ ಹೇಳಲು ಬರಬೇಕು. ಪರೀಕ್ಷೆ ಹೀಗೆ: 5 ಸೇರಿಸಿ, 2 ತೆಗೆಯಿರಿ, ಮತ್ತೆ 2 ಸೇರಿಸಿ, ಆಮೇಲೆ ಡಿಸ್‌ಪ್ಲೇ. ರೇರ್ ಸುತ್ತಿ ಬಂದು ಫ್ರಂಟ್‌ನ ಹಿಂದೆ ಇರುವಾಗ ‘ಫ್ರಂಟ್‌ನಿಂದ ರೇರ್‌ವರೆಗೆ’ ಅಂತ ಸಾದಾ ಲೂಪ್ ಹಾಕಿದ್ದರೆ ಏನೂ ಪ್ರಿಂಟ್ ಆಗುವುದಿಲ್ಲ.

ಮಲಪ್ರಭಾ_ದಂಡೆ

ಲಿಂಕ್ಡ್ ಲಿಸ್ಟ್‌ಗೆ (ಒಂದು ನೋಡಿನೊಳಗ ಮುಂದಿನದರ ವಿಳಾಸ ಇರೂ ಪಟ್ಟಿ) ಬರೋಣು. ಕೋಡ್ ನೋಡಿ ಕಲಿಯೂದಕ್ಕಿಂತ ಹಾಳಿ ಮ್ಯಾಲೆ ಡಬ್ಬಿ-ಬಾಣ ಬರದು ಕಲೀರಿ. ನಿಯಮ ಒಂದ: ಹೊಸ ನೋಡಿನ ಬಾಣ ಮೊದಲು ಹಚ್ಚಬೇಕು, ಹಳೇ ಬಾಣ ಆಮ್ಯಾಲೆ ಬದಲಿಸಬೇಕು. ಉಲ್ಟಾ ಮಾಡಿದ್ರ ಹಿಂದಿನ ಪಟ್ಟಿಯ ವಿಳಾಸ ಯಾರ ಕಡೀನೂ ಇರೂದಿಲ್ಲ.

ಏಳನೇದರಾಗ ಕೊನೀ ನೋಡ್ ತೆಗೀಲಿಕ್ಕೆ ‘ಮುಂದಿನದರ ಮುಂದಿನದು ನಲ್ (ಖಾಲಿ ವಿಳಾಸ) ಆಗೂ ತನಕ ಹೋಗು’ ಅಂತ ಲೂಪ್ ಇರತದ. ಪಟ್ಟಿಯೊಳಗ ಒಂದ ನೋಡ್ ಇದ್ರ ಅದರ ಮುಂದಿನದ ನಲ್, ನಲ್‌ನ ಮುಂದಿನದು ಕೇಳಿದ್ರ ಅಲ್ಲೇ ಫಾಲ್ಟ್. ಪಟ್ಟಿ ಖಾಲಿ ಇದ್ದಾಗ ಒಂದು, ಒಂದ ನೋಡ್ ಇದ್ದಾಗ ಒಂದು, ಹಿಂಗ ಎರಡು ಬ್ಯಾರೆ ಶರತ್ತು ಬರೀಲೇಬೇಕು. ಫ್ರಂಟ್ ಇನ್ಸರ್ಷನ್‌ನಿಂದ ಕಟ್ಟಿದ ಪಟ್ಟಿ ಉಲ್ಟಾ ಕ್ರಮದಾಗ ಕಾಣತದ, ಅದು ತಪ್ಪಲ್ಲ. ‘ಯಾಕ ಉಲ್ಟಾ ಬಂತು’ ಅಂತ ಕೇಳಿದ್ರ ‘ಸ್ಟ್ಯಾಕ್ ಹಂಗ, ಕೊನಿಗೆ ಬಂದದ್ದು ಮೊದಲು’ ಅಂತ ಹೇಳ್ರಿ, ಪ್ರಶ್ನೆಯೊಳಗ ಸ್ಟ್ಯಾಕ್ ತೋರಿಸ್ರಿ ಅಂತನೂ ಕೇಳ್ಯಾರ.

ಎಂಟನೇದು ಡಬ್ಲಿ ಲಿಂಕ್ಡ್, ಎಡಕ್ಕೂ ಬಲಕ್ಕೂ ಬಾಣ ಇರತಾವ. ಮುಂದಿನಿಂದ ಡಿಲೀಟ್ ಮಾಡಿದ ಮ್ಯಾಲೆ ಹೊಸ ಮೊದಲನೇ ನೋಡಿನ ಎಡ ಬಾಣ ನಲ್ ಮಾಡೂದು ಮರೀತಾರ. ಡಿಸ್‌ಪ್ಲೇ ಎಡದಿಂದ ಬಲಕ್ಕ ಮಾತ್ರ ಇದ್ರ ಈ ತಪ್ಪು ಎಂದೂ ಕಾಣೂದಿಲ್ಲ. ಬಲದಿಂದ ಎಡಕ್ಕ ಪ್ರಿಂಟ್ ಮಾಡೂ ಫಂಕ್ಷನ್ ಒಂದು ಬರದು ನೋಡ್ರಿ, ಗೊತ್ತಾಗತದ.

ಇನ್ನೊಂದು, ಫ್ರೀ ಮಾಡಿದ ಮ್ಯಾಲೆ ಅದೇ ನೋಡಿನ ಲಿಂಕ್ ಓದಬ್ಯಾಡ್ರಿ. ಮುಂದಿನ ವಿಳಾಸ ಮೊದಲು ಬ್ಯಾರೆ ಪಾಯಿಂಟರ್‌ದಾಗ ಇಟ್ಕೊಂಡು ಆಮ್ಯಾಲೆ ಫ್ರೀ.

ತುಂಗಾತೀರ

ಒಂಬತ್ತನೇ ಪ್ರೋಗ್ರಾಂ, ಮೂರು ಚರಾಕ್ಷರದ ಬಹುಪದೋಕ್ತಿ. ಎಲ್ಲರೂ ಎಕ್ಸ್, ವೈ, ಝಡ್ ಮೂರಕ್ಕೂ 1 ಕೊಟ್ಟು 5 ಬಂತು ಅಂತ ರೆಕಾರ್ಡಿನಲ್ಲಿ ಬರೆಯುತ್ತಾರೆ. 1ರ ಯಾವ ಘಾತವಾದರೂ 1 ತಾನೇ? ಘಾತಗಳನ್ನೆಲ್ಲ ತಪ್ಪಾಗಿ ಕೊಟ್ಟರೂ 5 ಬರುತ್ತದೆ. ಸಿಲಬಸ್‌ನಲ್ಲಿ ಕೊಟ್ಟ ಐದು ಪದಗಳ ಬಹುಪದೋಕ್ತಿಗೆ ಒಂದೊಂದನ್ನೇ 2 ಮಾಡಿ, ಉಳಿದೆರಡು 1 ಇರಲಿ. ಎಕ್ಸ್ 2 ಆದಾಗ 44, ವೈ 2 ಆದಾಗ 82, ಝಡ್ 2 ಆದಾಗ -122. ಮೂರೂ ಬಂದರೆ ನೋಡುಗಳಲ್ಲಿ ಘಾತಗಳು ಸರಿಯಾಗಿ ಕುಳಿತಿವೆ.

ಕೂಡುವಾಗ ಎರಡು ಪದ ‘ಒಂದೇ ಜಾತಿ’ ಎನ್ನಲು ಮೂರೂ ಘಾತ ಹೊಂದಬೇಕು, ಒಂದು ಹೊಂದಿದರೆ ಸಾಲದು. ಹೊಂದದ ಪದಗಳು ಎರಡೂ ಕಡೆಯಿಂದ ಉತ್ತರಕ್ಕೆ ಬರಬೇಕು. ಎರಡನೇ ಬಹುಪದೋಕ್ತಿಯ ಯಾವ ಪದ ಈಗಾಗಲೇ ಸೇರಿತು ಅನ್ನಲು ನೋಡಿನಲ್ಲಿ ಒಂದು ಫ್ಲ್ಯಾಗ್ ಇಡಿ. ಸಹಗುಣಕ ಕೂಡಿ 0 ಆದರೆ ಆ ಪದವನ್ನು ಸೇರಿಸಬೇಡಿ.

ಕರಾವಳಿ_ಕೋಡ್

ಹತ್ತನೆಯದು ಬೈನರಿ ಸರ್ಚ್ ಟ್ರೀ (ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ ಹೋಗುವ ಮರ). ಕೊಟ್ಟ ಸಂಖ್ಯೆಗಳು 6, 9, 5, 2, 8, 15, 24, 14, 7, 8, 5, 2. ಕೊನೆಯ ಮೂರು ಪುನರಾವರ್ತನೆ, ಬೇಕೆಂದೇ ಇಟ್ಟದ್ದು. ಬಿಟ್ಟುಬಿಟ್ಟರೆ ಮರವನ್ನು ಓದುವ ಮೂರು ಕ್ರಮ ಹೀಗೆ: ಇನ್‌ಆರ್ಡರ್ 2 5 6 7 8 9 14 15 24, ಪ್ರಿಆರ್ಡರ್ 6 5 2 9 8 7 15 14 24, ಪೋಸ್ಟ್‌ಆರ್ಡರ್ 2 5 7 8 14 24 15 9 6. ಇಟ್ಟುಕೊಂಡರೆ 12 ನೋಡ್ ಬರಬೇಕು. ‘ಸಣ್ಣದಾದರೆ ಎಡಕ್ಕೆ, ದೊಡ್ಡದಾದರೆ ಬಲಕ್ಕೆ’ ಅಂತ ಎರಡೇ ಶರತ್ತು ಬರೆದು ಲೂಪ್ ಹಾಕಿದ್ದರೆ, ಸಮ ಬಂದಾಗ ಪಾಯಿಂಟರ್ ಮುಂದೆ ಹೋಗದೆ ಪ್ರೋಗ್ರಾಂ ಅಲ್ಲೇ ಸುತ್ತುತ್ತದೆ. ಹತ್ತನೇ ಸಂಖ್ಯೆ 8 ಕೊಟ್ಟ ಕೂಡಲೇ ನಿಂತುಹೋಯಿತು ಅನ್ನುವುದಕ್ಕೆ ಇದೇ ಕಾರಣ.

ಹನ್ನೊಂದು, ಊರುಗಳ ಗ್ರಾಫ್. ಬಿಎಫ್‌ಎಸ್ (ಹತ್ತಿರದ ಊರುಗಳನ್ನು ಮೊದಲು ನೋಡುವುದು) ಓಡಿಸಿ ಆಮೇಲೆ ಡಿಎಫ್‌ಎಸ್ (ಒಂದೇ ದಾರಿಯಲ್ಲಿ ಕೊನೆವರೆಗೆ ಹೋಗುವುದು) ಆರಿಸಿದರೆ ಒಂದು ಊರೂ ಪ್ರಿಂಟ್ ಆಗದಿದ್ದರೆ, ‘ವಿಸಿಟೆಡ್’ ಅರೇಯನ್ನು ನಡುವೆ ಸೊನ್ನೆ ಮಾಡಿಲ್ಲ ಅಂತ. ಬಿಎಫ್‌ಎಸ್‌ನಲ್ಲಿ ಊರನ್ನು ಕ್ಯೂಗೆ ಸೇರಿಸುವಾಗಲೇ ಗುರುತು ಹಾಕಿ. ತೆಗೆಯುವಾಗ ಹಾಕಿದರೆ ಎರಡು ದಾರಿಯಿಂದ ಒಂದೇ ಊರು ಎರಡು ಸಲ ಕ್ಯೂಗೆ ಬರ್ತದೆ. ಊರುಗಳನ್ನು 1ರಿಂದ ಎಣಿಸಿದರೆ 10 ಊರಿಗೆ 11 ಅಳತೆಯ ಅರೇ ಬೇಕು.

ಲ್ಯಾಬ್_ಮೇಷ್ಟ್ರು

ಹನ್ನೆರಡನೆಯದು ಹ್ಯಾಶಿಂಗ್ (ಕೀ ಸಂಖ್ಯೆಯಿಂದಲೇ ಅದರ ಜಾಗ ಲೆಕ್ಕ ಹಾಕುವುದು), ನೋಡಲು ಚಿಕ್ಕದು. ಕೀ 4 ಅಂಕಿ, ವಿಳಾಸ 2 ಅಂಕಿ, ಟೇಬಲ್ 100 ಆದರೆ 1234 ಮತ್ತು 5634 ಎರಡೂ 34ಕ್ಕೆ ಬರುತ್ತವೆ, ಎರಡನೆಯದು 35ಕ್ಕೆ ಹೋಗಬೇಕು. 1299, 5699 ಕೊಟ್ಟು ನೋಡಿ: ಎರಡನೆಯದು 99ರಿಂದ ಸುತ್ತಿ 0ಗೆ ಬರಬೇಕು. ಸುತ್ತುವಾಗ ಮಾಡ್ಯುಲೋ ಮರೆತಿದ್ದರೆ 100ನೇ ಜಾಗಕ್ಕೆ, ಅಂದರೆ ಅರೇಯ ಹೊರಗೆ, ಬರೆಯುತ್ತದೆ. ಟೇಬಲ್ ತುಂಬಿದ ಮೇಲೆ ಖಾಲಿ ಜಾಗ ಹುಡುಕುವ ಲೂಪ್ ನಿಲ್ಲುವುದಿಲ್ಲ. ಎಷ್ಟು ತುಂಬಿದೆ ಅಂತ ಕೌಂಟ್ ಇಡಿ. ಆ ಸ್ಥಿತಿ ತೋರಿಸಲು ಟೇಬಲ್ 100 ಬೇಡ, 5 ಇಟ್ಟು ತೋರಿಸಿದರೆ ಬೇಗ ಆಗುತ್ತದೆ.

ವೈವಾದಲ್ಲಿ ‘ಒಂದು ಕೀ ತೆಗೆದರೆ ಆ ಜಾಗಕ್ಕೆ ಖಾಲಿಯ ಗುರುತಾದ -1 ಹಾಕಬಹುದೇ’ ಅಂತ ಕೇಳಬಹುದು. 1234 ತೆಗೆದು ಹಾಗೆ ಹಾಕಿದರೆ 34 ಖಾಲಿ ಕಂಡು, 35ರಲ್ಲಿರುವ 5634 ‘ಇಲ್ಲ’ ಅಂತ ಬರುತ್ತದೆ. ‘ತೆಗೆದದ್ದು’ ಎಂಬ ಬೇರೆ ಗುರುತು, ಉದಾಹರಣೆಗೆ -2, ಬೇಕು. ಹುಡುಕುವಾಗ ಅದನ್ನು ದಾಟಿ ಹೋಗಬೇಕು, ಸೇರಿಸುವಾಗ ಆ ಜಾಗ ಬಳಸಿಕೊಳ್ಳಬಹುದು.

ಡಿಪ್ಲೊಮಾ_ತುಮಕೂರು

ಮಧ್ಯೆ ಬರ್ತಿದೀನಿ, ಕ್ಷಮಿಸಿ. ಲ್ಯಾಪ್‌ಟಾಪ್ ಇಲ್ಲದವರು ಇದನ್ನೆಲ್ಲ ಮನೆಯಲ್ಲಿ ಹೇಗೆ ಮಾಡೋದು? ಥಿಯರಿ ಪೇಪರ್ ಬಗ್ಗೆಯೂ ಒಂದು ಮಾತು ಹೇಳಿ, ಲ್ಯಾಟರಲ್ ಎಂಟ್ರಿಯವರಿಗೆ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ) ಇದೇ ಮೊದಲ ವಿಟಿಯು ಪರೀಕ್ಷೆ.

ತುಂಗಾತೀರ

ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು ಅದರಲ್ಲಿ ಕ್ಲ್ಯಾಂಗ್ ಎಂಬ ಕಂಪೈಲರ್ ಇನ್‌ಸ್ಟಾಲ್ ಮಾಡಿ, ಈ ಹನ್ನೆರಡೂ ಪ್ರೋಗ್ರಾಂ ಅದರಲ್ಲಿ ನಡೆಯುತ್ತವೆ. ಪ್ಲೇ ಸ್ಟೋರ್‌ಗಿಂತ ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆ್ಯಪ್ ಭಂಡಾರದಲ್ಲಿ ಸಿಗುವ ಆವೃತ್ತಿ ಮೇಲು. ಓಟಿಜಿ ಕೇಬಲ್ ಹಾಕಿ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಚುಚ್ಚಿದರೆ ಟೈಪಿಂಗ್ ಕೂಡ ಸಲೀಸು. ಆನ್‌ಲೈನ್ ಕಂಪೈಲರ್‌ಗಳೂ ಇವೆ, ಆದರೆ ಕೆಲವದರಲ್ಲಿ ಇನ್‌ಪುಟ್ ಎಲ್ಲಾ ಮೊದಲೇ ಕೊಡಬೇಕು. ಮೆನು ಇರುವ ಪ್ರೋಗ್ರಾಂಗೆ ಅದು ಒಗ್ಗುವುದಿಲ್ಲ.

ಲ್ಯಾಪ್‌ಟಾಪ್ ಕೊಳ್ಳುವುದಾದರೆ ಎಸ್‌ಎಸ್‌ಡಿ ಇರುವುದನ್ನೇ ತಗೊಳ್ಳಿ. 8 ಜಿಬಿ ರ್‍ಯಾಮ್ ಈಗ ಸಾಕು, ಮುಂದೆ ಆಂಡ್ರಾಯ್ಡ್ ಎಮ್ಯುಲೇಟರ್ ಓಡಿಸುವಾಗ 16 ಬೇಕೆನಿಸುತ್ತದೆ. ಆಮೇಲೆ ರ್‍ಯಾಮ್ ಸೇರಿಸಲು ಬರುವ ಮಾಡೆಲ್ ನೋಡಿ.

ಲ್ಯಾಬ್_ಮೇಷ್ಟ್ರು

ಥಿಯರಿ: 100 ಅಂಕ, 3 ಗಂಟೆ, 5 ಮಾಡ್ಯೂಲ್. ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಒಂದನ್ನು ಪೂರ್ತಿ ಬರೆಯಬೇಕು. ಒಂದು ಪ್ರಶ್ನೆಯ ‘ಎ’ ಭಾಗ, ಇನ್ನೊಂದರ ‘ಬಿ’ ಭಾಗ ಅಂತ ಬೆರೆಸಿ ಬರೆಯುವಂತಿಲ್ಲ.

ಪಾಸಾಗುವ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಇಂಟರ್ನಲ್ 50ಕ್ಕೆ ಕನಿಷ್ಠ 20, ಎಕ್ಸ್‌ಟರ್ನಲ್ 100ಕ್ಕೆ ಕನಿಷ್ಠ 35, ಮತ್ತು ಎರಡೂ ಸೇರಿ 100ಕ್ಕೆ ಕನಿಷ್ಠ 40. ಮೂರನೇ ಶರತ್ತು ಮರೆಯಬೇಡಿ. ಇಂಟರ್ನಲ್ 20 ಇದ್ದು ಎಕ್ಸ್‌ಟರ್ನಲ್ 35 ಬಂದರೆ ಅದು 18ಕ್ಕೆ ಇಳಿದು ಒಟ್ಟು 38, ಫೇಲ್. 20 ಇದ್ದವರು 40 ತೆಗೆದರೆ ನಿಶ್ಚಿಂತೆ. ಇಂಟರ್ನಲ್ 22 ಇದ್ದವರಿಗೆ 36 ಸಾಕು.

ಉತ್ತರದಲ್ಲಿ ಅಲ್ಗಾರಿದಮ್ ಬರೆದು ಬಿಡುವುದಕ್ಕಿಂತ ಒಂದು ಉದಾಹರಣೆಯನ್ನು ಹಂತಹಂತವಾಗಿ ಬಿಡಿಸಿ ತೋರಿಸಿ. ಪೋಸ್ಟ್‌ಫಿಕ್ಸ್‌ಗೆ ಮೂರು ಕಾಲಂ: ಓದಿದ ಚಿಹ್ನೆ, ಸ್ಟ್ಯಾಕ್, ಔಟ್‌ಪುಟ್. ಲಿಸ್ಟ್‌ಗೆ ಮೊದಲಿನ ಚಿತ್ರ, ನಂತರದ ಚಿತ್ರ. ಐದನೇ ಮಾಡ್ಯೂಲಿನ ಲೆಫ್ಟಿಸ್ಟ್ ಟ್ರೀ, ಆಪ್ಟಿಮಲ್ ಬೈನರಿ ಸರ್ಚ್ ಟ್ರೀಗಳನ್ನು ಓದಿ ಮುಗಿಸಲಾಗದು, ಪೆನ್ನು ಹಿಡಿದೇ ಕಲಿಯಬೇಕು.

ಹಾವೇರಿ_ಸಿಎಸ್

ವೈವಾ ಬಗ್ಗೆ ಯಾರೂ ಹೇಳಲಿಲ್ಲ. ಕೋಡ್ ಅರ್ಥ ಆಗುತ್ತೆ, ಆದರೆ ಇಂಗ್ಲಿಷ್‌ನಲ್ಲಿ ವಾಕ್ಯ ಕೂಡಿಸಿ ಹೇಳುವಾಗ ತಡೆಯುತ್ತೆ.

ಕರಾವಳಿ_ಕೋಡ್

ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ, ತರ್ಕವನ್ನು ಕನ್ನಡದಲ್ಲೇ ಯೋಚಿಸಿ. ಸ್ಟ್ಯಾಕ್, ಕ್ಯೂ, ನೋಡ್ ಅನ್ನುವುದಕ್ಕೆ ಕನ್ನಡ ಪದ ಹುಡುಕುತ್ತಾ ಕೂತರೆ ಸಮಯ ಹೋಗ್ತದೆ. ಪ್ರತಿ ಪ್ರೋಗ್ರಾಂಗೂ ಗಟ್ಟಿಯಾಗಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ: ಇದು ಏನು ಇಟ್ಟುಕೊಳ್ಳುತ್ತದೆ, ಸೇರಿಸಲು ಎಷ್ಟು ಹೆಜ್ಜೆ, ಯಾವಾಗ ಸೋಲುತ್ತದೆ. ಮೂರು ಪ್ರಶ್ನೆಗೆ ಮೂರು ಗಿಡ್ಡ ಇಂಗ್ಲಿಷ್ ವಾಕ್ಯ, ಅಷ್ಟೇ. ಉದ್ದ ವಾಕ್ಯ ಬೇಡ. ಮಾತು ತಡೆದರೆ ರೈಟ್‌ಅಪ್ ಹಾಳೆಯ ಹಿಂದೆ ಡಬ್ಬಿ-ಬಾಣ ಬರೆದು ತೋರಿಸಿ, ಚಿತ್ರ ಸರಿ ಇದ್ದರೆ ಪರೀಕ್ಷಕರಿಗೆ ನಿಮಗೆ ಗೊತ್ತಿದೆ ಅಂತ ತಿಳಿಯುತ್ತದೆ. ಕನ್ನಡದಲ್ಲಿ ಹೇಳಬಹುದೇ ಅಂತ ಕೇಳುವುದರಲ್ಲೂ ಸಂಕೋಚ ಬೇಡ.

ಲ್ಯಾಬ್_ಮೇಷ್ಟ್ರು

ಕರಾವಳಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಕೇಳುವ ಪ್ರಶ್ನೆಗಳು ಬಹುಪಾಲು ಇವೇ: ಅರೇಗೂ ಲಿಂಕ್ಡ್ ಲಿಸ್ಟಿಗೂ ವ್ಯತ್ಯಾಸ, ಮ್ಯಾಲಕ್‌ಗೂ ಕ್ಯಾಲಕ್‌ಗೂ ವ್ಯತ್ಯಾಸ (ಎರಡನೆಯದು ಜಾಗವನ್ನು ಸೊನ್ನೆ ಮಾಡಿ ಕೊಡುತ್ತದೆ), ಫ್ರೀ ಮಾಡಿದ ಮೇಲೆ ಪಾಯಿಂಟರಿನಲ್ಲಿ ಏನಿರುತ್ತದೆ (ಹಳೆಯ ವಿಳಾಸ ಹಾಗೇ ಇರುತ್ತದೆ, ಬಳಸಬಾರದು), ಬೈನರಿ ಸರ್ಚ್ ಟ್ರೀಗೆ ಏರಿಕೆಯ ಕ್ರಮದಲ್ಲಿ ಸಂಖ್ಯೆ ಕೊಟ್ಟರೆ ಏನಾಗುತ್ತದೆ (ಬಲಕ್ಕೇ ಬೆಳೆದು ಲಿಸ್ಟ್‌ನಂತಾಗುತ್ತದೆ, ಹುಡುಕಲು ಎನ್ ಹೆಜ್ಜೆ).

ಮಲಪ್ರಭಾ_ದಂಡೆ

ಕನ್ನಡದ ಮಾತು ಬಂತಲ್ಲ, ಒಂದು ಪ್ರಯೋಗ ಮಾಡ್ರಿ. ಉಬುಂಟು ಟರ್ಮಿನಲ್‌ದಾಗ ‘ಕನ್ನಡ’ ಅನ್ನೂ ಪದದ ಉದ್ದ ಸ್ಟ್ರ್‌ಲೆನ್‌ಗೆ ಕೇಳ್ರಿ. 15 ಅಂತದ. ಕ, ನ, ವಿರಾಮ ಚಿಹ್ನೆ, ನ, ಡ, ಹಿಂಗ ಐದು ಯೂನಿಕೋಡ್ ಸಂಕೇತ, ಯುಟಿಎಫ್-8ದಾಗ ಒಂದೊಂದಕ್ಕ 3 ಬೈಟ್. 20 ಬೈಟಿನ ಹೆಸರಿನ ಅರೇದಾಗ ಕನ್ನಡದ 6 ಸಂಕೇತ ಹಿಡೀತಾವ, ಏಳನೇದಕ್ಕ ಅರೇ ಹೊರಗ ಬೀಳತದ. ಬೈಟ್ ಬೈಟ್ ತಿರುಗಿಸಿ ಸ್ಟ್ರಿಂಗ್ ಉಲ್ಟಾ ಮಾಡಿದ್ರ ಬರೇ ಪ್ರಶ್ನಾರ್ಥಕ ಚಿಹ್ನೆ ಕಾಣತಾವ.

ಐದನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಇದ ಒಳ್ಳೇ ವಿಷಯ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನ ಕಡತಗಳು ಇನ್ನೂ ಕಚೇರಿ, ಮುದ್ರಣಾಲಯದಾಗ ರಾಶಿ ಅವ. ಅವನ್ನ ಯೂನಿಕೋಡ್‌ಗೆ ತರೂದು ಬರೇ ಅಕ್ಷರಕ್ಕ ಅಕ್ಷರ ಬದಲಿಸೂ ಕೆಲಸ ಅಲ್ಲ. ‘ಸೂರ್ಯ’ ಬರದ್ರ ಹಳೇ ಫಾಂಟಿನೊಳಗ ಯ ಮೊದಲು, ಅರ್ಕಾವತ್ತು ಆಮ್ಯಾಲೆ ಇರತದ. ಯೂನಿಕೋಡ್‌ದಾಗ ಅರ್ಧ ರ ಮೊದಲು ಬರಬೇಕು. ಹಿಂದಿನ ಅಕ್ಷರಗುಚ್ಛವನ್ನ ಬಫರ್‌ದಾಗ ಹಿಡಿದಿಟ್ಟು, ಅರ್ಕಾವತ್ತು ಬಂದ್ರ ಅದರ ಮುಂದ ಸೇರಿಸಿ ಹೊರಗ ಬಿಡಬೇಕು.

ಹಾವೇರಿ_ಸಿಎಸ್

ಇದು ಗೊತ್ತೇ ಇರಲಿಲ್ಲ ಅಣ್ಣ, ಮಿನಿ ಪ್ರಾಜೆಕ್ಟ್‌ಗೆ ಬರೆದಿಟ್ಟುಕೊಂಡೆ. ಕೊನೆಯದಾಗಿ ಒಂದು: ಸ್ಯಾನಿಟೈಸರ್ ಕಾಲೇಜು ಲ್ಯಾಬಿನಲ್ಲಿ ಇಲ್ಲದಿದ್ದರೆ, ಎಕ್ಸಾಮ್‌ನಲ್ಲಿ ಫಾಲ್ಟ್ ಬಂದಾಗ ಏನು ಮಾಡಬೇಕು?

ಲ್ಯಾಬ್_ಮೇಷ್ಟ್ರು

ಜಿಡಿಬಿ ಎಂಬ ಡಿಬಗರ್ (ತಪ್ಪು ಹುಡುಕುವ ಸಾಧನ) ಇರುತ್ತದೆ. ‘ಜಿ’ ಆಯ್ಕೆ ಕೊಟ್ಟು ಕಂಪೈಲ್ ಮಾಡಿ, ಜಿಡಿಬಿಯೊಳಗೆ ರನ್ ಕೊಡಿ, ಫಾಲ್ಟ್ ಬಂದು ನಿಂತಾಗ ‘ಬಿಟಿ’ ಅಂತ ಎರಡಕ್ಷರ ಟೈಪ್ ಮಾಡಿ. ಯಾವ ಫಂಕ್ಷನ್, ಯಾವ ಸಾಲು ಅಂತ ಬರುತ್ತದೆ. ಆ ಸಾಲಿನ ಪಾಯಿಂಟರನ್ನು ‘ಪ್ರಿಂಟ್’ ಮಾಡಿ, 0 ಬಂದರೆ ನಲ್. ಅದೂ ಇಲ್ಲದಿದ್ದರೆ ಅನುಮಾನದ ಸಾಲಿನ ಮೊದಲು ಪ್ರಿಂಟ್‌ಎಫ್ ಹಾಕಿ, ಆದರೆ ಸಂದೇಶದ ಕೊನೆಗೆ ಹೊಸ ಸಾಲಿನ ಚಿಹ್ನೆ ಇರಲೇಬೇಕು. ಇಲ್ಲದಿದ್ದರೆ ಸಂದೇಶ ಬಫರ್‌ನಲ್ಲೇ ಉಳಿದು ಫಾಲ್ಟ್ ಬಂದಾಗ ಕಳೆದುಹೋಗುತ್ತದೆ, ತಪ್ಪು ಅದಕ್ಕಿಂತ ಮೊದಲೇ ಇದೆ ಅಂದುಕೊಂಡು ಬೇರೆ ಕಡೆ ಹುಡುಕುತ್ತೀರಿ.